ಡೇರೆಯೊಳಗಿನ ಕರಿಬೇವು

ನಮ್ಮ ಹಿತ್ತಿಲುಗಳಲ್ಲಿ ಕರಿಬೇವನ್ನು ಯಾರೂ ಬೆಳೆಸುವುದಿಲ್ಲ; ಅದು ತಾನಾಗಿಯೇ ಬೆಳೆಯುತ್ತದೆ. ಹಕ್ಕಿ ತಿಂದು ಬಿಟ್ಟ ಬೀಜದಿಂದಲೋ ಹಳೆಯ ಗಿಡದ ಬೇರಿನಿಂದಲೋ ಕುಡಿಯೊಂದು ಏಳುತ್ತದೆ. ಪಾತ್ರೆ ತೊಳೆದ ನೀರನ್ನು ಕುಡಿದು ಎರಡಾಳೆತ್ತರ ಆಗುತ್ತದೆ. ಒಗ್ಗರಣೆಗೆ ಬೇಕೆನಿಸಿದಾಗ ಒಂದೆಸಳು ಮುರಿದು ತರುತ್ತೇವೆ. ಆ ಗಿಡಕ್ಕೆ ಏನು ಬೇಕು, ಎಷ್ಟು ಬೇಕು ಎಂದು ವಿಚಾರಿಸುವ ಪ್ರಸಂಗವೇ ನಮಗೆ ಬಂದಿಲ್ಲ. ಆ ವಿಚಾರ ನನಗೆ ಹೊಳೆದದ್ದು 2019ರ ಫೆಬ್ರವರಿಯಲ್ಲಿ, ಕೆನಡಾ ದೇಶದ ಟೊರಾಂಟೋ ನಗರದಲ್ಲಿ, ನನ್ನ ತಂಗಿಯ ಮನೆಯ ನೆಲಮಾಳಿಗೆಯಲ್ಲಿ.

ಟೊರಾಂಟೋ ನಗರವು ಉತ್ತರ ಅಕ್ಷಾಂಶ 43 ಡಿಗ್ರಿಗಿಂತಲೂ ಮೇಲಿದೆ. ಬೆಂಗಳೂರಿನಲ್ಲಿ ವರ್ಷದ ಅತ್ಯಂತ ಕಿರಿದಾದ ಹಗಲೂ 11 ಗಂಟೆಯನ್ನು ಮೀರುತ್ತದೆ. ಅಲ್ಲಿ ಅದು 9 ಗಂಟೆಯನ್ನೂ ಪೂರ್ತಿ ಮುಟ್ಟುವುದಿಲ್ಲ. ಆ ಅಲ್ಪ ಹಗಲಿನಲ್ಲಿಯೂ ಸೂರ್ಯನು ದಿಗಂತದ ಮೇಲೆ ಹೆಚ್ಚು ಏರದೆ ಮೋಡದ ಮರೆಯಲ್ಲಿಯೇ ಸರಿದುಹೋಗುತ್ತಾನೆ. ಹೊರಗೆ ನೀರು ಕಲ್ಲಾಗಿರುತ್ತದೆ. ಬಿಸಿಲುನಾಡಿನ ಕರಿಬೇವು ಅಂಥ ಹಿಮದಲ್ಲಿ ಒಂದು ರಾತ್ರಿಯೂ ಬದುಕಲಾರದು. ಆದ್ದರಿಂದ ಅದನ್ನು ಕುಂಡದಲ್ಲಿ ನೆಟ್ಟು, ಚಳಿಗಾಲ ಬರುವ ಮೊದಲೇ ಮನೆಯೊಳಕ್ಕೆ ತರಬೇಕು.

ತಂಗಿಯೂ ಹಾಗೆಯೇ ಮಾಡಿದ್ದಳು. ಆ ಊರಿನಲ್ಲಿ ನೆಲೆಸಿದ್ದ ಹಿರಿಯರೊಬ್ಬರು ತಮ್ಮ ಗಿಡದ ಬೇರಿನಿಂದ ಎದ್ದ ಕುಡಿಯೊಂದನ್ನು ಅವಳಿಗೆ ಕೊಟ್ಟಿದ್ದರು. ಅದನ್ನು ಅವಳು ಕಿಟಕಿಯ ಬಳಿ ಇಟ್ಟಳು. ಡಿಸೆಂಬರಿನಲ್ಲಿ ಎಲೆಗಳು ಹಳದಿಯಾಗಿ ಉದುರತೊಡಗಿದವು. ಬಾಯಾರಿರಬೇಕೆಂದು ಬಗೆದು ನೀರು ಹೆಚ್ಚಿಸಿದಳು. ಎಲೆಗಳು ಇನ್ನಷ್ಟು ಉದುರಿದವು. ಜನವರಿಯ ಕೊನೆಯಲ್ಲಿ ಕುಂಡವನ್ನು ಬೋರಲು ಮಾಡಿ ನೋಡಿದರೆ ಬೇರೆಲ್ಲ ಕೊಳೆತು ಕಪ್ಪಾಗಿತ್ತು. ಹಿರಿಯರು ಎರಡನೆಯ ಕುಡಿಯನ್ನು ಕೊಡುವಾಗ, “ಇದನ್ನೂ ಕೊಂದೆಯಾದರೆ ಮತ್ತೆ ಕೇಳಬೇಡವಮ್ಮ” ಎಂದರಂತೆ.

ಅವಳು ಮಾಡಿದ ತಪ್ಪು ನಾವೆಲ್ಲರೂ ಮಾಡುವಂಥದೇ. ನಮ್ಮ ಕಣ್ಣು ಬೆಳಕನ್ನು ಅಳೆಯುವ ಸಾಧನವಲ್ಲ. ಬೆಳಕು ಕುಗ್ಗಿದರೆ ಪಾಪೆ ಹಿಗ್ಗುತ್ತದೆ. ಕೋಣೆ ಸಾಕಷ್ಟು ಬೆಳಗಿದೆಯೆಂದೇ ನಮಗೆ ತೋರುತ್ತದೆ. ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಮಾನದಿಂದ ಅಳೆಯುವುದುಂಟು. ಶುಭ್ರವಾದ ಆಕಾಶದ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ದೀಪ ಹಚ್ಚಿದ ಕೋಣೆಯ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಓದಲು ಅಷ್ಟು ಸಾಕು. ಅನ್ನ ಬೇಯಿಸಿಕೊಳ್ಳಬೇಕಾದ ಎಲೆಗೆ ಸಾಲದು. ಬೆಳಕಿಲ್ಲದೆ ಎಲೆ ಕೆಲಸ ನಿಲ್ಲಿಸಿದಾಗ ಬೇರು ನೀರನ್ನು ಎಳೆಯುವುದೂ ಕುಗ್ಗುತ್ತದೆ. ಆಗ ಹೊಯ್ದ ನೀರು ಮಣ್ಣಿನ ಕಣಗಳ ನಡುವಣ ಗಾಳಿಯನ್ನು ಹೊರದೂಡುತ್ತದೆ, ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಹಸಿದವನಿಗೆ ನೀರನ್ನೇ ಕುಡಿಸಿದಂತಾಗಿತ್ತು.

ಎರಡನೆಯ ಗಿಡಕ್ಕಾಗಿ ಅವಳು ತಂದದ್ದೇ ಗ್ರೋ ಟೆಂಟ್ ಎಂಬ ಗಿಡದ ಡೇರೆ. ನೋಡಲು ಅದು ಕಪ್ಪು ಬಟ್ಟೆಯ ಬೀರುವಿನಂತಿತ್ತು: 4 ಅಡಿ ಉದ್ದ, 2 ಅಡಿ ಅಗಲ, 5 ಅಡಿ ಎತ್ತರ. ತೆಳುವಾದ ಲೋಹದ ಕೊಳವೆಗಳ ಚೌಕಟ್ಟಿಗೆ ದಪ್ಪ ಬಟ್ಟೆಯನ್ನು ಹೊದಿಸಿ, ಮುಂದೆ ಜಿಪ್ಪಿನ ಬಾಗಿಲಿಟ್ಟಿದ್ದರು. ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ದೀಪದಿಂದ ಹೊರಟು ಎಲೆಗೆ ತಾಕದೆ ಹೋದ ಬೆಳಕನ್ನು ಈ ಗೋಡೆ ಪುನಃ ಗಿಡದ ಕಡೆಗೇ ತಿರುಗಿಸುತ್ತದೆ.

ಗಿಡವನ್ನು ಹೊರಗಿನ ಹವೆಯಿಂದ ಬೇರ್ಪಡಿಸಿ ಕಾಪಾಡುವ ಉಪಾಯ ಹೊಸದಲ್ಲ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ತನ್ನ ತೋಟದಲ್ಲಿ ಜರಿಗಿಡಗಳನ್ನು ಬೆಳೆಸಲು ಹೆಣಗಿ, ಹೊಗೆಗೊಳವೆಗಳ ಮಸಿಯಿಂದ ಸೋತಿದ್ದನು. 1829ರಲ್ಲಿ ಅವನು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ್ದಾಗ, ಆ ಮಣ್ಣಿನಲ್ಲಿ ಜರಿಯೂ ಹುಲ್ಲೂ ಮೊಳೆತವು. ಅದನ್ನು ಕಂಡು ಅವನು ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ, 1833ರಲ್ಲಿ ಎರಡನ್ನು ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದನು; ತಿಂಗಳುಗಟ್ಟಲೆಯ ಯಾನದ ನಂತರವೂ ಒಳಗಿನ ಗಿಡಗಳು ಹಸಿರಾಗಿದ್ದವು. ಮುಂದೆ ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿಯೇ. ಆದರೆ ವಾರ್ಡನ ಪೆಟ್ಟಿಗೆಗೆ ಬೆಳಕನ್ನು ಸೂರ್ಯನೇ ಕೊಡುತ್ತಿದ್ದನು. ಡೇರೆಯೊಳಗೆ ಅವನಿಗೂ ಪ್ರವೇಶವಿಲ್ಲ. ಹಗಲನ್ನು ಮನೆಯವರೇ ಮಾಡಬೇಕು.

ಆ ಹಗಲನ್ನು ಮಾಡುತ್ತಿದ್ದುದು 200 ವಾಟಿನ ಎಲ್.ಇ.ಡಿ. ದೀಪ. ಹಿಂದಿನ ಸೋಡಿಯಂ ದೀಪಗಳು ಬೆಳಕಿನೊಡನೆ ವಿಪರೀತ ಶಾಖವನ್ನೂ ಕೊಡುತ್ತಿದ್ದವು. ಎಲೆಯ ಹರಿತ್ತು ಕೆಂಪು ಮತ್ತು ನೀಲಿ ಕಿರಣಗಳನ್ನು ಹೆಚ್ಚಾಗಿ ಹೀರುತ್ತದೆ. ಕೆಂಪು ಎಲ್.ಇ.ಡಿ. 1960ರ ದಶಕದಲ್ಲಿಯೇ ಬಂದಿತ್ತು. ಪ್ರಖರವಾದ ನೀಲಿಗಾಗಿ ಲೋಕವು ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.

ದೀಪವನ್ನು ಹಗ್ಗದಿಂದ ತೂಗುಹಾಕಿ, ಗಿಡ ಬೆಳೆದಂತೆಲ್ಲ ಮೇಲಕ್ಕೆ ಎಳೆಯುತ್ತಿದ್ದಳು. ತೀರ ಹತ್ತಿರವಾದರೆ ತುದಿಯೆಲೆ ಬಿಳಚಿಕೊಳ್ಳುತ್ತದೆ. ದೂರವಾದರೆ ಕಾಂಡವು ಬೆಳಕನ್ನು ಅರಸಿ ಸಣಕಲಾಗಿ ನೀಳುತ್ತದೆ. ಟೈಮರ್ ಸ್ವಿಚ್ಚು ಬೆಳಗ್ಗೆ 6ಕ್ಕೆ ದೀಪ ಹಚ್ಚಿ ರಾತ್ರಿ 8ಕ್ಕೆ ಆರಿಸುತ್ತಿತ್ತು. ಕರಿಬೇವಿಗೆ ಈ 14 ಗಂಟೆಯ ಹಗಲು ಒಗ್ಗಿತು. ಅದರ ಪಕ್ಕದಲ್ಲಿದ್ದ ಸೇವಂತಿಗೆ ಮಾತ್ರ ಎಲೆಯ ಮೇಲೆ ಎಲೆ ಬಿಡುತ್ತಿತ್ತೇ ಹೊರತು ಒಂದು ಮೊಗ್ಗನ್ನೂ ಕಾಣಿಸಲಿಲ್ಲ. ಸೇವಂತಿಗೆಗೆ ಹೂ ಬಿಡಲು ನೀಳವಾದ, ಅಖಂಡವಾದ ಕತ್ತಲೆ ಬೇಕು. ಹಗಲಿರುಳುಗಳ ಅಳತೆಗೂ ಹೂವಿಗೂ ಇರುವ ಈ ಸಂಬಂಧವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಒಂದೇ ಡೇರೆಯಲ್ಲಿ ಎರಡು ಬಗೆಯ ರಾತ್ರಿಗಳನ್ನು ಮಾಡಲಾಗುವುದಿಲ್ಲವಷ್ಟೆ. ಸೇವಂತಿಗೆ ಎಲೆಗೇ ತೃಪ್ತಿಪಡಬೇಕಾಯಿತು.

ಬೆಳಕಿಗಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದ್ದು ಗಾಳಿ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ನೂರರಲ್ಲಿ 0.04 ಭಾಗ ಮಾತ್ರ. ಮುಚ್ಚಿದ ಡೇರೆಯಲ್ಲಿ ಗಿಡ ಆ ಅಲ್ಪವನ್ನೂ ಬೇಗನೆ ಕರಗಿಸುತ್ತದೆ. ಅದರೊಡನೆ ಎಲೆಗಳಿಂದ ಹೊರಟ ಆವಿ ತುಂಬಿ ಬೂಷ್ಟು ಹಿಡಿಯುತ್ತದೆ. ಅದಕ್ಕಾಗಿ ಮೇಲ್ಗಡೆ ಒಂದು ಫ್ಯಾನು ಬಿಸಿಗಾಳಿಯನ್ನು ಹೊರಕ್ಕೆಳೆಯುತ್ತಿತ್ತು; ಕೆಳಗಿನ ಕಿಂಡಿಯಿಂದ ಹೊಸ ಗಾಳಿ ಬರುತ್ತಿತ್ತು. ಮೂಲೆಯಲ್ಲಿ ಇನ್ನೊಂದು ಪುಟ್ಟ ಫ್ಯಾನು ಗಿಡವನ್ನು ಮೆಲ್ಲಗೆ ಅಲುಗಿಸುತ್ತಿತ್ತು. “ಇದೇಕಮ್ಮ?” ಎಂದು ಕೇಳಿದೆ. “ಅಲುಗಾಡದ ಗಿಡದ ಕಾಂಡ ಗಟ್ಟಿಯಾಗುವುದಿಲ್ಲ ಅಣ್ಣ” ಎಂದಳು. ಅಲ್ಲಿಯೇ ಇದ್ದ ಟೊಮೆಟೊ ಗಿಡದ ಹೂಗೊಂಚಲನ್ನು ಬೆರಳಿನಿಂದ ತಟ್ಟಿ, “ಇಲ್ಲಿ ದುಂಬಿಯೂ ನಾನೇ” ಎಂದು ನಕ್ಕಳು.

ನೀರಿನ ವಿಷಯದಲ್ಲಿ ಅವಳು ಈಗ ಜಿಪುಣೆ. ವಾರದ ಲೆಕ್ಕ ಹಿಡಿಯದೆ, ಕುಂಡವನ್ನು ಎತ್ತಿ ನೋಡಿ, ಹಗುರವೆನಿಸಿದರೆ ಮಾತ್ರ ಹೊಯ್ಯುವಳು. ತಂತಿಗಳನ್ನೆಲ್ಲ ನೆಲದಿಂದ ಎತ್ತಿ ಕಟ್ಟಿದ್ದಳು. ನೀರೂ ವಿದ್ಯುತ್ತೂ ಸೇರಿದ ಎಡೆಯಲ್ಲಿ ಈ ಎಚ್ಚರ ತಪ್ಪಬಾರದು.

ನಾನು ಖರ್ಚನ್ನು ಲೆಕ್ಕಹಾಕಿದೆ. 200 ವಾಟಿನ ದೀಪ 14 ಗಂಟೆ ಉರಿದರೆ ದಿನಕ್ಕೆ 2.8 ಯೂನಿಟ್, ತಿಂಗಳಿಗೆ 84 ಯೂನಿಟ್. “ಒಂದೆಸಳು ಕರಿಬೇವಿಗೆ ಇಷ್ಟೊಂದು ವಿದ್ಯುತ್ತೇ?” ಎಂದೆ. ಅವಳು ಉತ್ತರ ಕೊಡದೆ ಕತ್ತರಿ ತಂದು ಗಿಡದ ತುದಿಯನ್ನು ಕತ್ತರಿಸಿದಳು. ಎಲೆಯನ್ನು ಮಾತ್ರ ಕಿತ್ತರೆ ಗಿಡ ಬೋಳಾಗುತ್ತದೆಯಂತೆ. ತುದಿ ಕತ್ತರಿಸಿದರೆ ಕೆಳಗಿನಿಂದ ಹೊಸ ಕುಡಿಗಳು ಒಡೆಯುತ್ತವೆ. ಅಂದಿನ ಸಾರಿನ ಪರಿಮಳ ನೆಲಮಾಳಿಗೆಯವರೆಗೂ ಇಳಿದಿತ್ತು.

ಮೇ ತಿಂಗಳಲ್ಲಿ, ನಾನು ಊರಿಗೆ ಮರಳಿದ ಮೇಲೆ, ಅವಳ ಪತ್ರ ಬಂದಿತು. ಹಿಮದ ಭಯ ಕಳೆದು ಕುಂಡವನ್ನು ಹೊರಗಿಟ್ಟಿದ್ದಳು. ದೀಪದ ಬೆಳಕಿಗೆ ಒಗ್ಗಿದ ಎಲೆ ಒಮ್ಮೆಲೇ ಬಿಸಿಲಿಗೆ ಬಿದ್ದರೆ ಸುಡುತ್ತದೆಯಾದ್ದರಿಂದ ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಮರುದಿನ ಎರಡು ಗಂಟೆ ಎಂದು ಅಭ್ಯಾಸ ಮಾಡಿಸುತ್ತಿದ್ದಳು. ಮೂರು ಎಲೆಗಳು ಕಂದಿವೆ, ಉಳಿದವು ಕ್ಷೇಮ ಎಂದು ಬರೆದಿದ್ದಳು. ಬುಡದಲ್ಲಿ ಎರಡು ಕುಡಿಗಳು ಎದ್ದಿದ್ದವು. ಒಂದನ್ನು ಆ ಹಿರಿಯರಿಗೆ ಕೊಟ್ಟು ಬಂದಿದ್ದಳು.