ಅಹಮದಾಬಾದಿನ ಬೋಪಾಲಿನಲ್ಲಿರುವ ಸೋದರಸೊಸೆಗೆ, ಮುಧೋಳದ ನಾಯಿಮರಿಯ ವಿಚಾರವಾಗಿ



ನೀನು ಕಳಿಸಿದ ಫೋಟೊಗಳನ್ನೆಲ್ಲ ನೋಡಿದೆ. ಎರಡು ಚಾರ್ಜರ್, ಅಳಿಯಂದಿರ ಆಫೀಸಿನ ಬೂಟು, ಬಾಗಿಲ ಮುಂದಿನ ಮ್ಯಾಟು, ಎಲ್ಲಕ್ಕಿಂತ ಮೇಲೆ ಮನೆ ಮಾಲೀಕರ ಸಂಖೇಡಾ ಹಿಂಚಕೋದ ಒಂದು ಕಾಲು. ಉಯ್ಯಾಲೆಯ ರಿಪೇರಿ ಖರ್ಚನ್ನು ಡಿಪಾಜಿಟ್ಟಿನಲ್ಲಿ ಮುರಿದುಕೊಂಡರೆ ಏನು ಗತಿ ಅನ್ನುವ ಚಿಂತೆ ನಿನಗೆ. ಅದಕ್ಕೇ 'ಮರಿನ್ನ ವಾಪಸ್ ಮುಧೋಳಕ್ಕ ಬಿಟ್ಟು ಬರ್ಲೇನು ಮಾಮಾ' ಅಂತ ಕೇಳಿದ್ದೀ. ಬೇಡವ್ವ. ನಾಲ್ಕು ತಿಂಗಳ ಮರಿ ಕಡಿಯದೆ ಇನ್ನೇನು ಮಾಡೀತು? ಕಡಿಯುವುದನ್ನು ನಿಲ್ಲಿಸುವ ಉಪಾಯ ಯಾರ ಹತ್ತಿರವೂ ಇಲ್ಲ. ಏನನ್ನು ಕಡಿಯಬೇಕು ಅನ್ನುವುದಷ್ಟೇ ನಿನ್ನ ಕೈಯಲ್ಲಿದೆ. ಈ ಪತ್ರವೆಲ್ಲ ಅದರದೇ ವಿವರ. ಊರು ಬಿಟ್ಟು ಹೋಗಿ ಫ್ಲಾಟಿನಲ್ಲಿ ನಾಯಿಮರಿ ಸಾಕಿರುವ ನಿನ್ನ ಓರಗೆಯವರು ಈಗ ಬಹಳ ಮಂದಿ, ಅದಕ್ಕೆ ಪತ್ರಿಕೆಗೂ ಒಂದು ಪ್ರತಿ ಕೊಟ್ಟಿದ್ದೇನೆ. ಸಿಟ್ಟಾಗಬೇಡ.

ಮೊದಲು ಬಾಯಿಯ ಲೆಕ್ಕ. ಮರಿಗೆ ಹಾಲುಹಲ್ಲು 28. ಹುಟ್ಟಿದ ಮೂರನೇ ವಾರಕ್ಕೆ ಶುರುವಾಗಿ ಆರನೇ ವಾರದ ಹೊತ್ತಿಗೆ ಅವೆಲ್ಲ ಬಂದಿರುತ್ತವೆ. ನಾಲ್ಕನೇ ತಿಂಗಳ ಸುಮಾರಿಗೆ ಮುಂದಿನ ಸಣ್ಣ ಹಲ್ಲುಗಳು ಉದುರತೊಡಗುತ್ತವೆ, ಐದು–ಆರನೇ ತಿಂಗಳಲ್ಲಿ ಕೋರೆಹಲ್ಲಿನ ಸರದಿ. ಏಳು ತಿಂಗಳಾಗುವಷ್ಟರಲ್ಲಿ ಬಾಯಲ್ಲಿ 42 ಗಟ್ಟಿ ಹಲ್ಲು. ಅಂದರೆ ಇನ್ನೂ ಎರಡು ಮೂರು ತಿಂಗಳು ಅದರ ವಸಡಿಗೆ ಸಮಾಧಾನವಿಲ್ಲ, ಏನಕ್ಕಾದರೂ ಒತ್ತಿದರೇ ಹಿತ. ಆಟಿಕೆಯ ಮೇಲೆ ರಕ್ತದ ಚುಕ್ಕೆ ಕಂಡರೆ, ನೆಲದ ಮೇಲೆ ಅಕ್ಕಿಕಾಳಿನಷ್ಟು ಹಲ್ಲು ಸಿಕ್ಕರೆ ಗಾಬರಿಯಾಗಬೇಡ. ಬಹಳಷ್ಟು ಹಲ್ಲುಗಳನ್ನು ಮರಿ ತಾನೇ ನುಂಗಿಬಿಡುತ್ತದೆ, ಅದರಿಂದ ತೊಂದರೆಯಿಲ್ಲ. ಹಲ್ಲೆಲ್ಲ ಬಂದ ಮೇಲೂ ಕಡಿಯುವ ಚಟ ವರ್ಷ, ಒಂದೂವರೆ ವರ್ಷದವರೆಗೆ ಅಷ್ಟಿಷ್ಟು ಇರುತ್ತದೆ. ಆದರೆ ಈಗಿನ ಹಟ ಇರುವುದಿಲ್ಲ.

ಇದು ಎಲ್ಲ ಜಾತಿಗೂ ಒಂದೇ. ನಿನ್ನ ಮರಿಯದು ಇನ್ನೊಂದು ಕಥೆ ಇದೆ. ನಮ್ಮ ಕಡೆ ಬೇಟೆ ನಾಯಿ, ಕರ್ವಾನಿ ಅನ್ನುವ ಈ ಮುಧೋಳ ಜಾತಿಯನ್ನು ಪೋಷಿಸಿ ಹೆಸರಿಗೆ ತಂದವರು ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ. ಇಂಗ್ಲೆಂಡಿನ ದೊರೆ ಐದನೇ ಜಾರ್ಜಿಗೂ ಅವರು ಮರಿಗಳನ್ನು ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಸ್ಟಾಂಪು ತಂದಿತು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲಿ ಹೆಸರೆತ್ತಿದ ಮೇಲಂತೂ ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದ ಹೆಸರು ನಗರದವರ ಬಾಯಲ್ಲೂ ಬಂತು. ನೀನೂ ಆ ಸಾಲಿನವಳೇ. ನನ್ನನ್ನು ಮೊದಲೇ ಕೇಳಿದ್ದರೆ ಎರಡು ಬೆಡ್‌ರೂಮಿನ ಮನೆಗೆ ಕರ್ವಾನಿ ಬೇಡ ಅನ್ನುತ್ತಿದ್ದೆ. ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದೇ ತಲೆಮಾರುಗಟ್ಟಲೆ ಸಾಕಿದ ಜೀವ ಅದು. ತೋಟದ ಮನೆಯಲ್ಲಿ ಇಂಥ ಮರಿಗೆ ಜೊತೆಯವರಿರುತ್ತಾರೆ, ಕಬ್ಬಿನ ಸಿಬರು, ಹರಿದ ಗೋಣಿಚೀಲ, ಮಣ್ಣು, ಕಟ್ಟಿಗೆ ಇರುತ್ತದೆ. ದಿನಪೂರ್ತಿ ಕಡಿದರೂ ಯಾರೂ ಲೆಕ್ಕ ಇಡುವುದಿಲ್ಲ. ಬೋಪಾಲಿನ ಏಳನೇ ಮಹಡಿಯಲ್ಲಿ ಬಾಯಿಗೆ ಸಿಗುವುದೆಲ್ಲ ದುಡ್ಡು ಕೊಟ್ಟು ತಂದದ್ದು.

ಹಾಗಾಗಿ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಅದರ ಮೈಯಿಂದ ಒಂದಿಷ್ಟು ಕಸುವು ಖರ್ಚಾಗಲೇಬೇಕು. ಓಡಿಸು ಅಂದೆನೆಂದು ಸ್ಕೂಟರಿಗೆ ಕಟ್ಟಿ ರಿಂಗ್ ರೋಡಿನಲ್ಲಿ ಓಡಿಸಬೇಡ. ಹಾಗೆ ಮಾಡುವ ಮಹಾನುಭಾವರನ್ನು ನೋಡಿದ್ದೇನೆ. ವರ್ಷ ತುಂಬುವವರೆಗೆ ಮೂಳೆ ಎಳೆಯದು. ಬೇಲಿ ಇರುವ ಜಾಗದಲ್ಲಿ ಅದರ ಮನಸ್ಸಿಗೆ ಬಂದಷ್ಟು ಓಡಲಿ, ಸಾಕೆನಿಸಿದಾಗ ನಿಲ್ಲಲಿ. ಬೇಲಿ ಇಲ್ಲದ ಕಡೆ ಹಗ್ಗ ಬಿಚ್ಚಬೇಡ. ಒಂದು ಅಳಿಲು ಕಂಡರೆ ಸಾಕು, ಕರ್ವಾನಿಯ ಕಿವಿಗೆ ಆಮೇಲೆ ನಿನ್ನ ದನಿ ಬೀಳುವುದಿಲ್ಲ. ಲಸಿಕೆಗಳ ಸುತ್ತು ಮುಗಿದಿದೆಯೋ ಇಲ್ಲವೋ ಡಾಕ್ಟರಲ್ಲಿ ಖಾತ್ರಿ ಮಾಡಿಕೊಂಡೇ ಬೀದಿಗೆ ಇಳಿಸು. ಪಾರ್ವೊ ರೋಗ ಬಂದರೆ ಹಿಂಚಕೋದ ಚಿಂತೆಯೆಲ್ಲ ಮರೆತುಹೋಗುತ್ತದೆ.

ಇನ್ನು ಮನೆ. ನಾಯಿಯ ಎತ್ತರಕ್ಕೆ ಕೂತು ಒಮ್ಮೆ ಎಲ್ಲ ಕೋಣೆ ನೋಡು. ಚಾರ್ಜರ್ ವೈರು, ರಿಮೋಟು, ಬೂಟು, ಕಾಲುಚೀಲ, ಕಿಟಕಿ ಪರದೆಯ ತುದಿ, ಗುಳಿಗೆಯ ಪಟ್ಟಿ. ಪ್ಯಾರಾಸಿಟಮಾಲ್ ನಾಯಿಗೆ ವಿಷ. ಮೇಲೆತ್ತಿ ಇಡಬಹುದಾದದ್ದನ್ನು ಇಡು. ಆಗದ್ದಕ್ಕೆ ಅಡ್ಡ ಕಟ್ಟು. ಸಂಖೇಡಾ ಉಯ್ಯಾಲೆಯನ್ನು ಎತ್ತಿಡುವುದಾಗುವುದಿಲ್ಲ. ಅದು ಸಾಗವಾನಿಯನ್ನು ಕಡೆದು ಅರಗಿನ ಬಣ್ಣ ಹಾಕಿದ ಕೆಲಸ. ನಮ್ಮ ಚನ್ನಪಟ್ಟಣದ ಬೊಂಬೆಯವರದೂ ಅದೇ ವಿದ್ಯೆ. ಪ್ಲಂಬರ್ ಅಂಗಡಿಯಿಂದ ದಪ್ಪ ಪಿವಿಸಿ ಪೈಪು ತಂದು ಉದ್ದಕ್ಕೆ ಸೀಳಿ ಕಾಲುಗಳಿಗೆ ತೊಡಿಸು. ಚಂದ ಕಾಣುವುದಿಲ್ಲ, ಗೊತ್ತು. ಎರಡು ಮೂರು ತಿಂಗಳ ಮಾತು. ಕೆಟ್ಟ ಕಾಲನ್ನು ಆ ಕೆಲಸ ಗೊತ್ತಿದ್ದ ಬಡಗಿಗೆ ತೋರಿಸಿ, ಆಗಿದ್ದನ್ನು ಮಾಲೀಕರಿಗೆ ನೀನೇ ಮುಂದಾಗಿ ಹೇಳಿಬಿಡು. ಮನೆ ಬಿಡುವ ದಿನ ಅವರೇ ಕಂಡುಹಿಡಿದರೆ ಮಾತು ಬೇರೆ ಆಗುತ್ತದೆ. ಖಾರದ ಪುಡಿ ಹಚ್ಚು ಅಂತ ನಿಮ್ಮಮ್ಮ ಹೇಳಿರಬಹುದು, ಹಚ್ಚಬೇಡ. ಮರಿಯ ಕಣ್ಣು ಮೂಗಿಗೆ ಹೋದರೆ ಆಗುವ ಸಂಕಟ ದೊಡ್ಡದು. ಅಂಗಡಿಯಲ್ಲಿ ಸಿಗುವ ಕಹಿ ಸ್ಪ್ರೇ ಕೆಲವಕ್ಕೆ ನಾಟುತ್ತದೆ, ಕೆಲವು ಅದನ್ನೂ ನೆಕ್ಕುತ್ತವೆ.

ಕಡಿಯಲು ಏನು ಕೊಡಬೇಕು ಅನ್ನುವುದು ಇದಕ್ಕಿಂತ ಮುಖ್ಯ. ಹಳೆಯ ಚಪ್ಪಲಿ ಮಾತ್ರ ಕೊಡಬೇಡ. ಹಳತು ಹೊಸತು ಅನ್ನುವುದು ನಮ್ಮ ಲೆಕ್ಕ, ಅದಕ್ಕೆ ಚಪ್ಪಲಿ ಅಂದರೆ ಚಪ್ಪಲಿ. ನೀವಿರುವ ಸೊಸೈಟಿಯಲ್ಲಿ ಜೈನರು, ವೈಷ್ಣವರು ಹೆಚ್ಚು, ಎಲುಬು ತಂದರೆ ಮನಸ್ತಾಪ ಅಂತ ಬರೆದಿದ್ದೀ. ಒಳ್ಳೆಯದೇ ಆಯಿತು. ಬೇಯಿಸಿದ ಎಲುಬು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಗಟ್ಟಿ ರಬ್ಬರಿನ ಟೊಳ್ಳು ಆಟಿಕೆ, 'ಕಾಂಗ್' ಅಂತ ಒಂದು ಕಂಪನಿಯದು ಎಲ್ಲ ಕಡೆ ಸಿಗುತ್ತದೆ, ಎರಡು ತಂದಿಡು. ಒಳಗೆ ಉಪ್ಪಿಲ್ಲದ ರಾಗಿ ಮುದ್ದೆ, ಇಲ್ಲವೇ ನೆನೆಸಿ ಹಿಸುಕಿದ ಸಜ್ಜೆ ರೊಟ್ಟಿಗೆ ಗಟ್ಟಿ ಮೊಸರು ಕಲಸಿ ತುಂಬಿ ಫ್ರೀಜರಿನಲ್ಲಿಡು. ಸಜ್ಜೆ ರೊಟ್ಟಿಗೆ ಅಲ್ಲಿಯವರು ರೋಟಲೋ ಅನ್ನುತ್ತಾರೆ, ನಮ್ಮದಕ್ಕಿಂತ ದಪ್ಪ. ಒಂದು ಆಟಿಕೆಯೊಳಗಿನದು ಕರಗಿ ಮುಗಿಯುವಷ್ಟರಲ್ಲಿ ಇನ್ನೊಂದರದು ಗಟ್ಟಿಯಾಗಿರುತ್ತದೆ. ತಣ್ಣನೆಯದು ವಸಡಿಗೆ ಹಿತ. ಒದ್ದೆ ಬಟ್ಟೆಯನ್ನು ಹಿಂಡಿ ಹುರಿಮಾಡಿ ಫ್ರೀಜರಿನಲ್ಲಿಟ್ಟು ಕೊಟ್ಟರೂ ನಡೆಯುತ್ತದೆ, ನೀನು ಎದುರಿಗೆ ಇರುವಾಗ ಮಾತ್ರ. ಕೊಡುವ ವಸ್ತುವನ್ನೆಲ್ಲ ಹೆಬ್ಬೆರಳ ಉಗುರಿನಿಂದ ಒತ್ತಿ ನೋಡು. ಉಗುರು ಸ್ವಲ್ಪವೂ ಇಳಿಯದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ. ಜಿಂಕೆ ಕೊಂಬು, ಗೊರಸು ಅಂತ ಆನ್‌ಲೈನಿನಲ್ಲಿ ಮಾರುವುದೆಲ್ಲ ಈ ಪರೀಕ್ಷೆಯಲ್ಲಿ ಫೇಲು. ಬಾಯಿಗಿಂತ ಸಣ್ಣದಾದ ಚೆಂಡೂ ಬೇಡ.

ಪಕ್ಕದ ಮನೆಯ ಅಕ್ಕ ಬಾಲ್ಕನಿಯಿಂದ ಗಾಂಠಿಯಾ ಕುರುಕಲು ಎಸೆಯುತ್ತಾರಂತೆ. ಗುಜರಾತಿನಲ್ಲಿ ದಿನದ ರೊಟ್ಟಿಯಲ್ಲಿ ಹಸುವಿಗೆ, ನಾಯಿಗೆ ಪಾಲು ತೆಗೆದಿಡುವ ಮನೆಗಳು ಇನ್ನೂ ಬೇಕಾದಷ್ಟಿವೆ, ಅವರದು ಒಳ್ಳೆಯ ಮನಸ್ಸೇ. ಆದರೆ ಗಾಂಠಿಯಾದಲ್ಲಿರುವ ಉಪ್ಪು, ಸೋಡಾ ಮರಿಗೆ ಆಗುವುದಿಲ್ಲ. ಅದರ ಬದಲು ಗಜ್ಜರಿ ತುಂಡು ಕೊಡಲು ಹೇಳು, ಅದೂ ಮರಿ ಕೂತ ಮೇಲೆ. ಇಷ್ಟಕ್ಕೇ ಒಂದು ಪಾಠವೂ ಆಗುತ್ತದೆ.

ಈಗ ನೀನು ಬರೆದ ಒಂದು ಮಾತಿಗೆ ಬರುತ್ತೇನೆ. ಸಂಜೆ ಬಂದು ನೋಡಿದಾಗ ಮರಿ ಕಿವಿ ಮಡಚಿ, ಕಣ್ಣು ತಪ್ಪಿಸಿ ಮೂಲೆ ಸೇರಿತ್ತು, ಅದಕ್ಕೆ ತಪ್ಪು ಗೊತ್ತಿದೆ, ಹಾಗಾಗಿ ಬೂಟು ಮೂಗಿಗೆ ಹಿಡಿದು ಎರಡೇಟು ಕೊಟ್ಟೆವು ಅಂತ. ಗೊತ್ತಿಲ್ಲ ತಾಯಿ, ಅದಕ್ಕೆ ಏನೂ ಗೊತ್ತಿಲ್ಲ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. 14 ನಾಯಿಗಳು. ಮಾಲೀಕರು 'ತಿನ್ನಬೇಡ' ಅಂತ ತಿಂಡಿ ತೋರಿಸಿ ಹೊರಗೆ ಹೋಗುವುದು, ವಾಪಸ್ ಬಂದಾಗ ನಾಯಿ ತಿಂದಿದೆ ಅಥವಾ ತಿಂದಿಲ್ಲ ಅಂತ ಅವರಿಗೆ ಹೇಳುವುದು. ಹೇಳಿದ್ದು ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು. ತಪ್ಪಿತಸ್ಥನ ಮುಖ ಕಂಡದ್ದು ತಿಂದ ನಾಯಿಯಲ್ಲಿ ಅಂತಲ್ಲ, ಬೈಸಿಕೊಂಡ ನಾಯಿಯಲ್ಲಿ. ಏನೂ ತಿನ್ನದೆ ಬೈಸಿಕೊಂಡವು ಇನ್ನೂ ಹೆಚ್ಚು ಮುದುಡಿದ್ದವು. ನಿನ್ನ ಮರಿ ಓದುತ್ತಿರುವುದು ನಿನ್ನ ಹುಬ್ಬು, ನಿನ್ನ ದನಿ. ಮಧ್ಯಾಹ್ನ ಕಡಿದ ಬೂಟಿಗೂ ಸಂಜೆ ಬಿದ್ದ ಏಟಿಗೂ ಅದರ ತಲೆಯಲ್ಲಿ ಸಂಬಂಧವೇ ಬೆಳೆಯುವುದಿಲ್ಲ. ಬೆಳೆಯುವುದು ಒಂದೇ: ನೀವು ಬಾಗಿಲು ತೆಗೆದರೆ ಹೆದರಬೇಕು ಅನ್ನುವುದು.

ಕಣ್ಣೆದುರಿಗೇ ಸಿಕ್ಕಿಬಿದ್ದರೂ ಕಿರುಚಿ ಅಟ್ಟಿಸಿಕೊಂಡು ಹೋಗಬೇಡ. ಅಟ್ಟಿಸಿದರೆ ಕರ್ವಾನಿಗೆ ಹಬ್ಬ, ನೀನು ಗೆಲ್ಲುವುದಿಲ್ಲ. ಜೊತೆಗೆ, ಕಸಿದುಕೊಳ್ಳುತ್ತಾರೆ ಅನ್ನುವ ಭಯಕ್ಕೆ ಬಾಯಲ್ಲಿದ್ದದ್ದನ್ನು ನುಂಗಿಬಿಡುತ್ತದೆ. ಒಂದು ತುಂಡು ಪನೀರು ಮೂಗಿನ ಹತ್ತಿರ ಹಿಡಿ, ಬಾಯಿ ಸಡಿಲಾದ ಕೂಡಲೆ 'ಬಿಡು' ಅನ್ನು, ಪನೀರು ಕೊಡು, ಬೂಟು ಎತ್ತಿಡು, ರಬ್ಬರು ಆಟಿಕೆ ಬಾಯಿಗೆ ಕೊಟ್ಟು ಹೊಗಳು. ಮನೆಯವರೆಲ್ಲ ಒಂದೇ ಮಾತು ಬಳಸಿ. ನೀನು 'ಬಿಡು', ಅಳಿಯಂದಿರು 'ಲೀವ್', ಕೆಲಸದಾಕೆ 'ಛೋಡ್' ಅಂದರೆ ಮರಿ ಯಾರ ಮಾತು ಕೇಳಬೇಕು? ಕೈಕಾಲಿಗೆ ಬಾಯಿ ಹಾಕಿದರೆ ಆಟ ನಿಲ್ಲಿಸಿ ಎದ್ದುಹೋಗು. ರಕ್ತ ಬಂದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗು. ಮನೆಯ ಮರಿ ತಾನೇ ಅಂತ ಸುಮ್ಮನಿರಬೇಡ.

ಸಂಜೆ ಏಳರಿಂದ ಒಂಬತ್ತರವರೆಗೆ ಹುಚ್ಚು ಹಿಡಿದಂತೆ ಕಡಿಯುತ್ತದೆ ಅನ್ನುತ್ತೀ. ಆ ಹೊತ್ತಿಗೆ ಅದಕ್ಕೆ ಬೇಕಾದದ್ದು ಆಟವಲ್ಲ, ನಿದ್ದೆ. ಈ ವಯಸ್ಸಿನ ಮರಿ ದಿನಕ್ಕೆ 18 ಗಂಟೆಯವರೆಗೂ ಮಲಗಬೇಕು. ಹಾಲ್‌ನ ಒಂದು ಮೂಲೆಗೆ ಕಂಬಿ ಬೇಲಿ ಹಾಕಿ ಹಾಸಿಗೆ, ನೀರು, ಆಟಿಕೆ ಇಟ್ಟು ಅದರ ಜಾಗ ಮಾಡು. ಅಲ್ಲಿ ಮಲಗಿದಾಗ ಯಾರೂ ಮುಟ್ಟಕೂಡದು. ನೀವಿಲ್ಲದ ಹೊತ್ತು ಅದರ ಜಾಗ ಅದೇ. ಆದರೆ ಈ ವಯಸ್ಸಿಗೆ ಒಂಟಿಯಾಗಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಬಿಡುವುದು ಅನ್ಯಾಯ. ನಡುವೆ ಯಾರಾದರೂ ಬಂದು ಹೊರಗೆ ಕರೆದೊಯ್ಯಲಿ, ಅದಕ್ಕೆ ಸಂಬಳ ಕೊಡು. ಡಿಪಾಜಿಟ್ಟಿಗಿಂತ ಅಗ್ಗವೇ ಬಿದ್ದೀತು. ಹಾಂ, ನೀವು ಹೊರಗೆ ಹೋದಾಗ ಮಾತ್ರ, ಅದೂ ಬಾಗಿಲ ಚೌಕಟ್ಟನ್ನೇ ಕೆರೆದು ಕಡಿದು, ಊಳಿಟ್ಟು, ಜೊಲ್ಲು ಸುರಿಸುತ್ತಿದ್ದರೆ ಅದು ಹಲ್ಲಿನ ವಿಷಯವಲ್ಲ, ಒಂಟಿತನದ ಭಯ. ಮೊಬೈಲಿನಲ್ಲಿ ವಿಡಿಯೊ ಹಿಡಿದು ಡಾಕ್ಟರಿಗೆ ತೋರಿಸು.

ಜನವರಿ ಹತ್ತಿರ ಬಂತು. ನನಗೆ ಉಳಿದೆಲ್ಲಕ್ಕಿಂತ ಇದರ ಭಯ ಹೆಚ್ಚು. ಅಹಮದಾಬಾದಿನಲ್ಲಿ 14ಕ್ಕೆ ಉತ್ತರಾಯಣ, 15ಕ್ಕೆ ವಾಸಿ ಉತ್ತರಾಯಣ. ಎರಡು ದಿನ ಊರಿಗೆ ಊರೇ ಮಾಳಿಗೆಯ ಮೇಲೆ. ಆಮೇಲೆ ವಾರಗಟ್ಟಲೆ ಮರದಲ್ಲಿ, ಮೆಟ್ಟಿಲಲ್ಲಿ, ಹುಲ್ಲಿನಲ್ಲಿ ಗಾಜಿನಪುಡಿ ಮೆತ್ತಿದ ಮಾಂಜಾ ದಾರ. ಎಲ್ಲವನ್ನೂ ಬಾಯಿಗೆ ಹಾಕುವ ಮರಿ ಅದನ್ನು ಬಿಡುತ್ತದೆಯೇ? ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರಕ್ಕೋ ಸಿಕ್ಕಿಕೊಂಡು ಉಳಿದದ್ದು ಕರುಳಿಗೆ ಇಳಿದರೆ, ಲಾಡಿ ಎಳೆದ ಪಾಯಿಜಾಮದ ಹಾಗೆ ಕರುಳು ನೆರಿಗೆಗಟ್ಟುತ್ತದೆ, ದಾರ ಅದನ್ನು ಕೊಯ್ಯುತ್ತದೆ. ಬಾಯಿಂದಾಗಲಿ ಗುದದಿಂದಾಗಲಿ ದಾರ ಜೋತಾಡುವುದು ಕಂಡರೆ ಖಂಡಿತ ಎಳೆಯಬೇಡ. ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಓಡು. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಹೊಟ್ಟೆ ಮುಟ್ಟಗೊಡದಿರುವುದು, ಇವಿಷ್ಟಕ್ಕೂ ರಾತ್ರಿ ಕಳೆಯಲಿ ಅಂತ ಕಾಯಕೂಡದು. ಆ ಎರಡು ದಿನ ಮರಿ ಮನೆಯೊಳಗೇ ಇರಲಿ. ಆಮೇಲೆ ವಾಕಿಂಗಿಗೆ ಹೋದಾಗ ನಿನ್ನ ಕಣ್ಣು ಫೋನಿನ ಮೇಲಲ್ಲ, ಅದರ ಮೂಗಿನ ಮುಂದಿರಲಿ. ಹಬ್ಬದ ಉಂಧಿಯು ಪಲ್ಯಕ್ಕೆ ಹಸಿ ಬೆಳ್ಳುಳ್ಳಿ ಹಾಕುತ್ತಾರೆ, ಒಂದು ತುತ್ತೂ ಬೇಡ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಅದೇ ಪಟ್ಟಿಗೆ ಸೇರಿದವು. ಸೊಸೈಟಿಯ ತೋಟದಲ್ಲಿ ಕಣಗಿಲೆ, ಸೈಕಾಸ್ ಇದ್ದರೆ ಆ ಬದಿಗೇ ಹೋಗಬೇಡ, ಎರಡೂ ಪ್ರಾಣ ತೆಗೆಯುವ ಗಿಡಗಳು.

ಸೊಸೈಟಿ ಕಮಿಟಿಯವರು ನಾಯಿಯನ್ನೇ ತೆಗೆಸುತ್ತೇವೆ ಅಂದರೆ ಹೆದರಬೇಡ. ಸಾಕುನಾಯಿಯನ್ನು ನಿಷೇಧಿಸುವ ಅಧಿಕಾರ ನಿವಾಸಿ ಸಂಘಗಳಿಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ನಿನ್ನ ಕಾಗದಪತ್ರ ಸರಿಯಿರಲಿ. ಅಹಮದಾಬಾದ್ ಮಹಾನಗರಪಾಲಿಕೆ 2025ರಿಂದ ಸಾಕುನಾಯಿಗಳ ನೋಂದಣಿ ಕಡ್ಡಾಯ ಮಾಡಿದೆ, ಬೋಪಾಲ್–ಘುಮಾ 2020ರಲ್ಲಿ ಪಾಲಿಕೆಗೆ ಸೇರಿದ್ದರಿಂದ ನಿನಗೂ ಅನ್ವಯ. ರೇಬೀಸ್ ಲಸಿಕೆಯ ಸರ್ಟಿಫಿಕೇಟಿನ ಜೊತೆ ಅದನ್ನೂ ಫೈಲಿನಲ್ಲಿಡು.

ರಾತ್ರಿ ತೆರೆದಿರುವ ಪಶು ಆಸ್ಪತ್ರೆ ನಿಮ್ಮ ಮನೆಗೆ ಹತ್ತಿರ ಯಾವುದು ಅಂತ ಇವತ್ತೇ ವಿಚಾರಿಸಿ, ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸು. ಮರಿಗೆ ಆರು ತಿಂಗಳು ತುಂಬಿದ ಮೇಲೆ ಒಮ್ಮೆ ಅದರ ಬಾಯಿ ಡಾಕ್ಟರಿಗೆ ತೋರಿಸು. ಹೊಸ ಕೋರೆಯ ಪಕ್ಕದಲ್ಲಿ ಹಾಲುಕೋರೆ ಉದುರದೆ ನಿಂತಿದ್ದರೆ ತೆಗೆಸಬೇಕಾಗುತ್ತದೆ, ತಡ ಮಾಡಿದರೆ ಹಲ್ಲಿನ ಸಾಲು ಕೆಡುತ್ತದೆ. ಅವರು ಏನು ಹೇಳಿದರು ಅಂತ ನನಗೆ ಬರಿ.

ನಿನ್ನ ಮಾಮ