ಹೆಸರು ಬರೆಸಿ ತಂದ ಸಹಿ

ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳು ವರ್ಷದ ಕೊನೆಗೆ ಆಟೋಗ್ರಾಫ್ ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬರುತ್ತಿದ್ದರು. ಗುಲಾಬಿ, ತಿಳಿಹಳದಿ, ತಿಳಿನೀಲಿ ಹಾಳೆಗಳ ಪುಟ್ಟ ಪುಸ್ತಕ. ‘ಬರೀ ಸೈನ್ ಬೇಡ ಸಾರ್, ನನ್ನ ಹೆಸರು ಹಾಕಿ ಬರೀರಿ’ ಎನ್ನುವುದು ಎಲ್ಲರ ಬೇಡಿಕೆ. ನಲವತ್ತು ಪುಸ್ತಕಗಳಿಗೂ ಒಂದೇ ಹಾರೈಕೆ ಗೀಚಿ ಪಾರಾಗಲು ನೋಡಿದರೆ, ಕಾರಿಡಾರಿನಲ್ಲೇ ಪಕ್ಕದವರ ಪುಸ್ತಕದೊಂದಿಗೆ ಹೋಲಿಸಿ ನನ್ನ ಕಳ್ಳತನ ಹಿಡಿಯುತ್ತಿದ್ದರು. ಫುಟ್‌ಬಾಲ್ ಆಟಗಾರರ ಸಹಿ ಸಂಪಾದಿಸಿ ಹುಟ್ಟುಹಬ್ಬಕ್ಕೆ ಕೊಡುವ ಹವ್ಯಾಸದ ಬಗ್ಗೆ ಯಾರಾದರೂ ಕೇಳಿದರೆ, ನನ್ನ ಪಾಠ ಶುರುವಾಗುವುದು ಆ ಪುಟ್ಟ ಪುಸ್ತಕದಿಂದಲೇ.

ಏಕೆಂದರೆ ಈ ಹವ್ಯಾಸದಲ್ಲೊಂದು ವಿಚಿತ್ರವಿದೆ. ಆಟಗಾರ ಬರೀ ಸಹಿ ಹಾಕಿದ ಫೋಟೋಗೆ ಮಾರುಕಟ್ಟೆಯಲ್ಲಿ ಒಂದು ಬೆಲೆ. ಅದರ ಮೇಲೇ ಆತ ‘ಇಂಥವನಿಗೆ, ಹುಟ್ಟುಹಬ್ಬದ ಶುಭಾಶಯ’ ಎಂದು ಸೇರಿಸಿದನೋ, ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಯಾರದೋ ಹೆಸರಿರುವ ಫೋಟೋವನ್ನು ತಮ್ಮ ಮನೆಯ ಗೋಡೆಗೆ ಯಾರು ತೂಗುಹಾಕುತ್ತಾರೆ? ವ್ಯಾಪಾರಿಯ ಕಣ್ಣಿಗೆ ಅದು ಕಲೆ ಬಿದ್ದ ಸೀರೆ. ಹುಟ್ಟುಹಬ್ಬದ ಹುಡುಗನಿಗೆ ಆ ಕಲೆಯೇ ಜರಿ. ತಂದ ಸಹಿಯನ್ನು ಮರುದಿನವೇ ಮಾರಿಬಿಡುವವರ ಕಾಟ ಹೆಚ್ಚಾಗಿ, ಈಗ ಎಷ್ಟೋ ಆಟಗಾರರು ತಾವಾಗಿಯೇ ‘ಯಾರ ಹೆಸರಿಗೆ?’ ಎಂದು ಕೇಳುತ್ತಾರೆ. ಕೇಳಿದರೆ ಖುಷಿಯಿಂದ ಹೆಸರು ಹೇಳಿ. ಮುಂದೆಂದೋ ಮಾರಬಹುದು ಎಂಬ ಲೆಕ್ಕ ಮನಸ್ಸಿನಲ್ಲಿದ್ದರೆ ಅದನ್ನು ಠೇವಣಿ ಅನ್ನಬೇಕು, ಉಡುಗೊರೆ ಅನ್ನಬಾರದು.

ಆದರೂ ಬೆಲೆ ಹೇಗೆ ಹುಟ್ಟುತ್ತದೆ ಎಂದು ತಿಳಿದಿರಬೇಕು, ಇಲ್ಲದಿದ್ದರೆ ಮೋಸ ಹೋಗುತ್ತೀರಿ. 1966ರ ಜುಲೈ 30ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ತಂಡ ಪಶ್ಚಿಮ ಜರ್ಮನಿಯನ್ನು 4–2ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಅದರಲ್ಲಿ ಮೂರು ಗೋಲು ಜೆಫ್ ಹರ್ಸ್ಟ್ ಅವರದು. ಅಷ್ಟು ದೊಡ್ಡ ಹೆಸರು. ಆದರೆ ಅವರ ಸಹಿ ಸಾಧಾರಣ ಸಂಬಳದವರ ಕೈಗೂ ಎಟುಕುತ್ತದೆ. ಔತಣಕೂಟ, ಪುಸ್ತಕದಂಗಡಿ, ಮೇಳ ಎಂದು ದಶಕಗಟ್ಟಲೆ ಅವರು ತಾಳ್ಮೆಯಿಂದ ಸಹಿ ಹಾಕುತ್ತ ಬಂದಿದ್ದಾರೆ. ಅಂದಿನ ನಾಯಕ ಬಾಬಿ ಮೂರ್ 1993ರಲ್ಲಿ, 51ನೇ ವಯಸ್ಸಿಗೇ ತೀರಿಕೊಂಡರು. ಹಾಗಾಗಿ ಮೂರ್ ಸಹಿ ದುಬಾರಿ, ಹನ್ನೊಂದೂ ಮಂದಿಯ ಸಹಿ ಒಂದೇ ಹಾಳೆಯಲ್ಲಿದ್ದರೆ ಇನ್ನೂ ದುಬಾರಿ. ಇದರಲ್ಲೇ ಒಂದು ಪರೀಕ್ಷೆಯೂ ಇದೆ. ಹನ್ನೊಂದು ಸಹಿಯ ಫೋಟೋ ಯಾರಾದರೂ ತೋರಿಸಿದರೆ ಮೊದಲು ಸಹಿ ನೋಡಬೇಡಿ, ಕಾಗದ ತಿರುಗಿಸಿ ನೋಡಿ. ಆ ಫೋಟೋ ಮುದ್ರಣವಾದದ್ದು 1993ರ ನಂತರವಾದರೆ ಮೂರ್ ಅದಕ್ಕೆ ಸಹಿ ಹಾಕಿರಲು ಸಾಧ್ಯವೇ ಇಲ್ಲ.

ಇನ್ನೊಂದು ಉದಾಹರಣೆ ಹೇಳುವಾಗ ನನಗೇ ಇರುಸುಮುರುಸಾಗುತ್ತದೆ. 1958ರ ಫೆಬ್ರವರಿ 6ರಂದು ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಬೆಲ್‌ಗ್ರೇಡ್‌ನಿಂದ ಹಿಂದಿರುಗುತ್ತಿದ್ದ ವಿಮಾನ ಮ್ಯೂನಿಕ್‌ನಲ್ಲಿ ಮೇಲೇರಲಾಗದೆ ಅಪಘಾತಕ್ಕೀಡಾಯಿತು. ಸತ್ತ 23 ಜನರಲ್ಲಿ ಎಂಟು ಮಂದಿ ಆಟಗಾರರು. ಅವರಲ್ಲೊಬ್ಬನಾದ ಡಂಕನ್ ಎಡ್ವರ್ಡ್ಸ್ ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಕಣ್ಣುಮುಚ್ಚಿದಾಗ ಅವನಿಗೆ 21 ವರ್ಷ. ಅವನು ಮೊದಲ ತಂಡಕ್ಕೆ ಬಂದದ್ದೇ 1953ರಲ್ಲಿ. ಐದು ವರ್ಷ ತುಂಬದ ಆಟದ ಬದುಕಿನಲ್ಲಿ ಎಷ್ಟು ಮಕ್ಕಳ ಪುಸ್ತಕಕ್ಕೆ ಸಹಿ ಹಾಕಲು ಸಾಧ್ಯ? ಅದೇ ವಿಮಾನದಲ್ಲಿದ್ದು ಬದುಕುಳಿದ ಬಾಬಿ ಚಾರ್ಲ್‌ಟನ್ 2023ರವರೆಗೆ ಬಾಳಿದರು. ಅವರ ಸಹಿ ಬೇಕಾದಷ್ಟು ಸಿಗುತ್ತದೆ. ಬೆಲೆಗೂ ಆಟದ ಗುಣಕ್ಕೂ ನೇರ ನಂಟಿಲ್ಲ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬಾರದು.

ಇನ್ನು ಮೆಸ್ಸಿಯ ಕರವಸ್ತ್ರದ ಕಥೆ. ಕರವಸ್ತ್ರವೆಂದರೆ ಹೋಟೆಲಿನ ಪೇಪರ್ ನ್ಯಾಪ್ಕಿನ್. 2000ದ ಡಿಸೆಂಬರ್ 14ರಂದು ಬಾರ್ಸಿಲೋನಾದ ಒಂದು ಟೆನಿಸ್ ಕ್ಲಬ್ಬಿನಲ್ಲಿ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಕಾರ್ಲೆಸ್ ರೆಶಾಕ್, ಹದಿಮೂರರ ಆ ಹುಡುಗನನ್ನು ಸೇರಿಸಿಕೊಳ್ಳುತ್ತೇವೆಂದು ಅದರ ಮೇಲೆ ಬರೆದು ಸಹಿ ಹಾಕಿದರು. 2024ರ ಹರಾಜಿನಲ್ಲಿ ಅದಕ್ಕೆ 7,62,400 ಪೌಂಡ್ ಬಂತು, ಹೆಚ್ಚುಕಡಿಮೆ ಎಂಟು ಕೋಟಿ ರೂಪಾಯಿ. ತಮಾಷೆಯೆಂದರೆ, ಅದರ ಮೇಲೆ ಮೆಸ್ಸಿಯ ಸಹಿಯೇ ಇಲ್ಲ.

ಸಹಿ ಸಿಗುವುದೆಲ್ಲಿ? ಇಂಗ್ಲೆಂಡಿನಲ್ಲಿ 1961ರವರೆಗೆ ಆಟಗಾರನ ಸಂಬಳಕ್ಕೆ ಮಿತಿಯಿತ್ತು, ವಾರಕ್ಕೆ ಹೆಚ್ಚೆಂದರೆ 20 ಪೌಂಡ್. ಅಭಿಮಾನಿ ಹತ್ತುವ ಬಸ್ಸನ್ನೇ ಆಟಗಾರನೂ ಹತ್ತುತ್ತಿದ್ದ ಕಾಲ ಅದು, ಪಕ್ಕದ ಸೀಟಿನಲ್ಲೇ ಸಹಿ ಸಿಗುತ್ತಿತ್ತು. ಇಂದು ದೊಡ್ಡ ಕ್ಲಬ್ಬುಗಳ ಅಭ್ಯಾಸದ ಮೈದಾನಕ್ಕೆ ಎತ್ತರದ ಗೋಡೆ, ಆಟಗಾರನಿಗೆ ಕಪ್ಪು ಗಾಜಿನ ಕಾರು. ಚಿಕ್ಕ ಊರಿನ, ಕೆಳಗಿನ ದರ್ಜೆಯ ತಂಡಗಳ ಗೇಟಿನಲ್ಲಿ ಈಗಲೂ ಮಳೆಯಲ್ಲಿ ನಿಂತು ಮಾತಾಡಿಸುವವರು ಇದ್ದಾರೆ. ಕಲಿಯುವವರಿಗೆ ಆ ಗೇಟೇ ಒಳ್ಳೆಯದು.

ನನಗೆ ಮೆಚ್ಚುಗೆಯಾದ ಪದ್ಧತಿ ಜರ್ಮನಿಯದು. ಅಲ್ಲಿ ಇದಕ್ಕೆಂದೇ ‘ಆಟೋಗ್ರಾಮ್‌ಕಾರ್ಟೆ’ ಎಂಬ ಕಾರ್ಡು ಇದೆ. ಅಂಚೆ ಕಾರ್ಡಿನಷ್ಟು ದೊಡ್ಡದು, ಮುಂದೆ ಆಟಗಾರನ ಚಿತ್ರ, ಸಹಿಗೆ ಒಂದಿಷ್ಟು ಜಾಗ. ಅಲ್ಲಿನ ದೊಡ್ಡ ಲೀಗ್ ಬುಂಡೆಸ್‌ಲಿಗಾದ ಕ್ಲಬ್ಬುಗಳು ಹೊಸ ಋತುವಿಗೆ ಹೊಸ ಕಾರ್ಡು ಅಚ್ಚು ಹಾಕಿಸುತ್ತವೆ. ವಿನಯದಿಂದ ಒಂದು ಪತ್ರ ಬರೆದು, ಸ್ವಂತ ವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆ ಒಳಗಿಟ್ಟು ಕ್ಲಬ್ಬಿಗೆ ಕಳಿಸಬೇಕು, ಅಷ್ಟೆ. ಚೀಟಿ ಜರ್ಮನಿಯದೇ ಆಗಬೇಕು. ನಮ್ಮ ಅಂಚೆಚೀಟಿ ಅಲ್ಲಿ ನಡೆಯುವುದಿಲ್ಲ. ಮ್ಯೂನಿಕ್ಕಿನಲ್ಲೋ ಸ್ಟುಟ್‌ಗಾರ್ಟಿನಲ್ಲೋ ಕೆಲಸಕ್ಕೆ ಹೋದ ನಂಟರಿದ್ದರೆ ಅವರ ವಿಳಾಸ ಹಾಕಿ. ಹುಟ್ಟುಹಬ್ಬಕ್ಕೆ ಮೂರು ತಿಂಗಳು ಮೊದಲೇ ಬರೆಯಿರಿ. ಉತ್ತರ ಬಾರದೆಯೂ ಇರಬಹುದು, ಸಹಿಯನ್ನೂ ಅಚ್ಚಿನಲ್ಲೇ ಹಾಕಿದ ಕಾರ್ಡು ಬರಬಹುದು. ಸಿಟ್ಟಾಗಬೇಡಿ, ಅದು ಮೋಸವಲ್ಲ. ರಾಶಿ ಬೀಳುವ ಪತ್ರಗಳಿಗೆ ಅವರು ಕಂಡುಕೊಂಡ ದಾರಿ.

ಬೆಂಗಳೂರಿನವರು ಅಷ್ಟು ದೂರ ಹೋಗಬೇಕಾಗಿಲ್ಲ. 2013ರಲ್ಲಿ ಶುರುವಾದ ಬೆಂಗಳೂರು ಎಫ್‌ಸಿ ಕಂಠೀರವ ಕ್ರೀಡಾಂಗಣದಲ್ಲಿ ಆಡುತ್ತದೆ. ಸುನಿಲ್ ಛೇತ್ರಿ ಹೆಸರು ಎಲ್ಲ ಮಕ್ಕಳ ಬಾಯಲ್ಲೂ ಇರುತ್ತದೆ, ಆದ್ದರಿಂದ ಅವರ ಸುತ್ತ ನೂಕುನುಗ್ಗಲು. ಹೊಸಬರು ಗೋಲ್‌ಕೀಪರನನ್ನೋ ಬೆಂಚಿನಲ್ಲಿ ಕೂತೆದ್ದು ಬಂದ ಹುಡುಗನನ್ನೋ ಕೇಳಿ ನೋಡಿ, ನಿಂತು ಪೂರ್ತಿ ಹೆಸರು ಬರೆಯುತ್ತಾರೆ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆ ಮನೆಗಳಿದ್ದವರು ಅಜ್ಜನ ಟ್ರಂಕನ್ನೂ ಒಮ್ಮೆ ತೆಗೆದು ನೋಡಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್, ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರೆಂಬ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರೆನಿಸಿದ ಅಹ್ಮದ್ ಖಾನ್, ಇವರೆಲ್ಲ ನಮ್ಮ ಊರಿನ ಮೈದಾನಗಳಲ್ಲಿ ಆಡಿದವರು. ಹಳೆಯ ಶೀಲ್ಡ್ ಪಂದ್ಯದ ಕರಪತ್ರದ ಹಿಂದೆ ಅಂಥ ಒಂದು ಸಹಿ ಸಿಕ್ಕರೆ ನನಗೂ ಒಮ್ಮೆ ತೋರಿಸಿ.

ಸಾಮಾನಿನ ವಿಚಾರ ಬೇಗ ಮುಗಿಸುತ್ತೇನೆ. ನುಣುಪು ಫೋಟೋಗೆ, ಜೆರ್ಸಿಗೆ, ಚೆಂಡಿಗೆ ಪರ್ಮನೆಂಟ್ ಮಾರ್ಕರ್. ಕಾಗದಕ್ಕೆ ಬಾಲ್‌ಪೆನ್ನೇ ಚೆಂದ. ಮಾರ್ಕರನ್ನು ಹಿಂದಿನ ದಿನ ಗೀಚಿ ನೋಡಿರಿ, ಒಣಗಿದ ಪೆನ್ನು ಹಿಡಿದು ಆಟಗಾರನ ಮುಂದೆ ನಿಲ್ಲುವಷ್ಟು ಪೇಚು ಬೇರೆ ಇಲ್ಲ. ಜೆರ್ಸಿಯೊಳಗೆ ಒಂದು ರಟ್ಟು ತೂರಿಸಿ ಬಟ್ಟೆ ಬಿಗಿ ಮಾಡಿ. ಸಹಿಯಾದ ಮೇಲೆ ಬೆರಳು ತಾಗಿಸದೆ ಆರಲು ಬಿಡಿ. ಕಟ್ಟು ಹಾಕಿಸಿದರೆ ಬಿಸಿಲು ಬೀಳುವ ಗೋಡೆ ಬೇಡ, ಶಾಯಿ ಮಾಸುತ್ತದೆ. ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ.

ನಕಲಿ ಸಹಿಯ ಪಾಠ ನಾನು ದುಡ್ಡು ಕೊಟ್ಟು ಕಲಿತೆ. ತಂಗಿಯ ಮಗನ ಎಂಟನೇ ಹುಟ್ಟುಹಬ್ಬಕ್ಕೆ ಆನ್‌ಲೈನಿನಲ್ಲಿ ಒಂದು ‘ಸಹಿ ಮಾಡಿದ’ ಫೋಟೋ ತರಿಸಿದ್ದೆ, ಜೊತೆಗೆ ಬಂಗಾರದ ಅಂಚಿನ ಪ್ರಮಾಣಪತ್ರ. ಹುಡುಗ ಭೂತಗನ್ನಡಿ ಹಿಡಿದು ನೋಡಿ, ‘ಮಾಮ, ಸಹಿಯೊಳಗೆಲ್ಲ ಚುಕ್ಕಿ ಚುಕ್ಕಿ ಇದೆ’ ಅಂದ. ಅಚ್ಚಿನ ಚುಕ್ಕಿಗಳು! ನಿಜವಾದ ಶಾಯಿಯಾದರೆ ಗೆರೆ ಅಖಂಡವಾಗಿರುತ್ತದೆ, ಓರೆ ಹಿಡಿದರೆ ಬೆಳಕಿಗೆ ಬೇರೆಯಾಗಿ ಮಿನುಗುತ್ತದೆ, ಗೆರೆ ಗೆರೆಯನ್ನು ದಾಟುವಲ್ಲಿ ಬಣ್ಣ ಗಾಢವಾಗುತ್ತದೆ. ಪ್ರಮಾಣಪತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಹೆಸರಿನಲ್ಲಿ ನಕಲಿ ಸಹಿಗಳ ದೊಡ್ಡ ಜಾಲವನ್ನು ಹಿಡಿಯಿತು. ಅಲ್ಲಿ ಹೆಚ್ಚಿನವು ಬೇಸ್‌ಬಾಲ್ ಸಾಮಾನುಗಳು. ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಚೆಂಡುಗಳೂ ಸಿಕ್ಕವಂತೆ. ಅದನ್ನೂ ನಂಬಿ ಕೊಳ್ಳುವವರಿದ್ದಾರೆ ಎಂದು ಯಾರೋ ಲೆಕ್ಕ ಹಾಕಿದ್ದರಲ್ಲ!

ಹುಟ್ಟುಹಬ್ಬಕ್ಕೆ ಒಪ್ಪುವ ವಸ್ತು ಆರಿಸುವುದರಲ್ಲೂ ಒಂದು ಸೊಗಸಿದೆ. ಇಂಗ್ಲೆಂಡಿನ ಕ್ಲಬ್ಬುಗಳು ಪ್ರತಿ ಪಂದ್ಯಕ್ಕೂ ಪ್ರೋಗ್ರಾಂ ಎಂಬ ಚಿಕ್ಕ ಪುಸ್ತಿಕೆ ಮಾರುತ್ತ ಬಂದಿವೆ. ಹಳೆಯ ಪುಸ್ತಿಕೆಗಳು ಬಹುಪಾಲು ಅಗ್ಗ. ನಿಮ್ಮವರು ಹುಟ್ಟಿದ ದಿನವೋ ಅದೇ ವಾರವೋ ನಡೆದ ಪಂದ್ಯದ ಪ್ರೋಗ್ರಾಂ ಹುಡುಕಿ, ಅಂದು ಆಡಿದ ಒಬ್ಬರಿಂದ ಅದರ ಮೇಲೆ ಸಹಿ ಹಾಕಿಸಿದರೆ ಐವತ್ತು ತುಂಬಿದ ಭಾವನಿಗೂ ಗಂಟಲು ಕಟ್ಟುತ್ತದೆ. ಮಕ್ಕಳಿಗಾದರೆ ವಯಸ್ಸಿಗೂ ಜೆರ್ಸಿ ಸಂಖ್ಯೆಗೂ ಜೋಡಿ ಮಾಡಿ: ಏಳು ತುಂಬಿದವಳಿಗೆ ಏಳನೇ ಸಂಖ್ಯೆಯವರು, ಹತ್ತು ತುಂಬಿದವನಿಗೆ ಹತ್ತರವರು.

ಕ್ಲಬ್ಬಿಗೆ ಪತ್ರ ಬರೆಯುವಾಗ, ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯೊಂದನ್ನು ಪತ್ರಕ್ಕೆ ಸಿಕ್ಕಿಸಿಯೇ ಕಳಿಸಿ. ನಾನು ಅದನ್ನು ಕಲಿತದ್ದೂ ತಡವಾಗಿಯೇ. ತಂಗಿಯ ಮಗನ ಹೆಸರು ‘ಋ’ಕಾರದಿಂದ ಶುರುವಾಗುತ್ತದೆ, ಇಂಗ್ಲಿಷಿನಲ್ಲಿ ಅದನ್ನು ನಮ್ಮವರೇ ಮೂರು ಥರ ಬರೆಯುತ್ತಾರೆ. ಅವನ ಹತ್ತನೇ ಹುಟ್ಟುಹಬ್ಬಕ್ಕೆ ಜರ್ಮನಿಯಿಂದ ಬಂದ ಕಾರ್ಡಿನಲ್ಲಿ ನಾಲ್ಕನೆಯ ಥರವಿತ್ತು. ಸರಿಯಾದ ಹೆಸರು ಬರೆಸಿ ಇನ್ನೊಂದು ತರಿಸುತ್ತೇನೆ ಎಂದೆ. ‘ಬೇಡ ಮಾಮ, ಇದನ್ನು ಬರೆಯೋವಾಗ ಅವ್ರು ನನ್ನ ಹೆಸರು ಹೇಗಿರಬಹುದು ಅಂತ ಯೋಚಿಸಿದ್ದಾರೆ’ ಎಂದು ಕಾರ್ಡು ಕಿತ್ತುಕೊಂಡು ಹೋದ. ಆಮೇಲೆ ಶಾಲೆಯ ನೋಟ್‌ಬುಕ್ಕಿನ ಮೇಲೂ ಹೆಸರನ್ನು ಹಾಗೆಯೇ ಬರೆಯತೊಡಗಿದನೆಂದು ಅವನ ತಾಯಿ ನನ್ನ ಮೇಲೆ ಈಗಲೂ ಮುನಿಸಿಕೊಂಡಿದ್ದಾಳೆ.