ಪ್ರತ್ಯಯದಂತೆ ಕೂಡುವ ತಂತ್ರಾಂಶ

ವಿದ್ಯಾರ್ಥಿಗಳೇ, ‘ಮರ’ ಎಂಬ ಶಬ್ದಕ್ಕೆ ‘ಅನ್ನು’ ಸೇರಿದಾಗ ‘ಮರವನ್ನು’ ಎಂದೂ, ‘ಹುಲಿ’ಗೆ ಸೇರಿದಾಗ ‘ಹುಲಿಯನ್ನು’ ಎಂದೂ ಆಗುವುದನ್ನು ನೀವು ವ್ಯಾಕರಣದಲ್ಲಿ ಓದಿರುವಿರಿ. ಪ್ರತ್ಯಯ ಒಂದೇ, ನಡುವಣ ವಕಾರ, ಯಕಾರಗಳು ಸಂಧಿನಿಯಮದಂತೆ ಬಂದವು. ಮೊಬೈಲು ಬಂದಾಗ ಅದಕ್ಕೆಂದು ಹೊಸ ಪ್ರತ್ಯಯವನ್ನು ಯಾರೂ ಹುಟ್ಟಿಸಲಿಲ್ಲ. ‘ಮೊಬೈಲನ್ನು’ ಎಂದರೆ ಸಾಕಾಯಿತು. ಗಣಕಯಂತ್ರದ ತಂತ್ರಾಂಶವನ್ನೂ ಹೀಗೆಯೇ ಕಟ್ಟಬಹುದು.

ಮೀಯಪದವಿನ ಒಂದು ಅಂಗಡಿ, ಒಂದು ಸಹಕಾರಿ ಬ್ಯಾಂಕು, ಒಂದು ಶಾಲೆ — ಇವುಗಳ ವ್ಯವಹಾರ ಬೇರೆ ಬೇರೆ. ಆದರೂ ಹೆಸರುಗಳ ಪಟ್ಟಿ, ಹಣದ ರಶೀದಿ, ಒಳಪ್ರವೇಶಕ್ಕೆ ಗುಪ್ತಪದ ಮೂರು ಕಡೆಗೂ ಬೇಕು. ಇವನ್ನು ಪ್ರತಿಸಲವೂ ಮೊದಲಿನಿಂದ ಬರೆಯುವುದು ವ್ಯರ್ಥ ಶ್ರಮವಲ್ಲವೇ? ಯಂತ್ರದ ಬಿಡಿಭಾಗಗಳಂತೆ ತಂತ್ರಾಂಶದ ಘಟಕಗಳನ್ನೂ ಸಿದ್ಧಮಾಡಿ ಇಟ್ಟುಕೊಳ್ಳಬೇಕೆಂದು ಡಗ್ಲಾಸ್ ಮ್ಯಾಕಿಲ್ರಾಯ್ ಎಂಬವರು 1968ರಲ್ಲಿ ಜರ್ಮನಿಯ ಗಾರ್ಮಿಷ್ ಸಮ್ಮೇಳನದಲ್ಲಿ ವಾದಿಸಿದ್ದರು.

ಉದಾಹರಣೆಗಾಗಿ ಜರ್ಮನಿಯವರೆಗೆ ಹೋಗಬೇಕಾಗಿಲ್ಲ. ನಿಮ್ಮ ಹೆಸರು, ಜನ್ಮದಿನಾಂಕಗಳನ್ನು ಶಾಲೆಯ ಕಚೇರಿಯಲ್ಲಿ ದಾಖಲಿಸುವ ‘ಸಂಪೂರ್ಣ’ ತಂತ್ರಾಂಶವೇ ಇದೆ. ಕೇರಳದ ಐ.ಟಿ. ಅಟ್ ಸ್ಕೂಲ್ ಯೋಜನೆಯು (2017ರಿಂದ ಇದು ಕೈಟ್ ಸಂಸ್ಥೆ) ಅದನ್ನು ಶೂನ್ಯದಿಂದ ಕಟ್ಟಲಿಲ್ಲ. ಫೋರೇಡಿಯನ್ ಎಂಬ ಸಂಸ್ಥೆಯು ರಚಿಸಿದ ‘ಫೆಡೆನಾ’ವನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಂಡಿತು. ಆ ಫೆಡೆನಾ ನಿಂತಿರುವುದು ‘ರೂಬಿ ಆನ್ ರೈಲ್ಸ್’ ಎಂಬ ಚೌಕಟ್ಟಿನ ಮೇಲೆ. ಆ ಚೌಕಟ್ಟಾದರೋ, ಡೆನ್ಮಾರ್ಕಿನ ಡೇವಿಡ್ ಹೈನ್‌ಮಾಯರ್ ಹಾನ್ಸನ್ ಅವರು ‘ಬೇಸ್‌ಕ್ಯಾಂಪ್’ ಎಂಬ ಕಚೇರಿ ತಂತ್ರಾಂಶದಿಂದ ಬೇರ್ಪಡಿಸಿ 2004ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟದ್ದು! ಯಾವುದೋ ಕಂಪೆನಿಯ ಕೆಲಸಕ್ಕೆಂದು ಬರೆದ ಭಾಗಗಳು ಗಡಿನಾಡಿನ ಮಕ್ಕಳ ದಾಖಲೆಗೂ ಒದಗಿದವು.

ಘಟಕಗಳು ಒಂದರೊಡನೊಂದು ಕೂಡಬೇಕಾದರೆ ಸಂಧಿಯಂತೆ ಖಚಿತವಾದ ನಿಯಮ ಬೇಕು. ಯಾವ ಮಾಹಿತಿ ಕೊಡಬೇಕು, ಯಾವುದು ಹಿಂದಿರುಗಿ ಬರುತ್ತದೆ ಎಂಬುದು ನಿಶ್ಚಿತವಾಗಿದ್ದರೆ, ಒಳಗಿನ ರಚನೆಯನ್ನು ಬದಲಿಸಿದರೂ ಹೊರಗಿನವರಿಗೆ ತೊಂದರೆಯಿಲ್ಲ. ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ.

ಆದರೆ ತಪ್ಪೂ ಹಾಗೆಯೇ ಹರಡುತ್ತದೆ. ‘ಸಂಪೂರ್ಣ’ದಲ್ಲಿ ಒಮ್ಮೆ ಬರೆದ ಹೆಸರೇ ವರ್ಗಾವಣೆ ಪತ್ರಕ್ಕೂ ಎಸ್ಸೆಸ್ಸೆಲ್ಸಿ ಪಟ್ಟಿಗೂ ಹೋಗುವುದು. ‘ಗಣೇಶ’ ಎಂಬುದರ ಕೊನೆಯ ಅಕಾರವನ್ನು ಇಂಗ್ಲಿಷಿನಲ್ಲಿ ಬರೆಯಬೇಕೋ ಬಿಡಬೇಕೋ ಎಂಬ ಗೊಂದಲ ಕನ್ನಡದ ಹೆಸರುಗಳಿಗೆ ಇದ್ದದ್ದೇ. ಆದುದರಿಂದ ಹೆತ್ತವರು, ಹತ್ತನೆಯ ತರಗತಿಯ ವಿವರಗಳ ಹಾಳೆ ಮನೆಗೆ ಬಂದಾಗ ಅದನ್ನು ಜನನ ಪ್ರಮಾಣಪತ್ರದೊಡನೆ ಅಕ್ಷರಕ್ಕಕ್ಷರ ಹೋಲಿಸಿ ನೋಡಿಯೇ ಸಹಿ ಹಾಕತಕ್ಕದ್ದು.